ಮಗುವಿನ ಮೊದಲ ಲಸಿಕೆ ತಾಯಿಯ ತೋಳಿಗೆ

ಗುಲಗಂಜಿಯನ್ನು ಕಾಣದ ಕನ್ನಡಿಗರು ಕಡಿಮೆ. ಕೆಂಪು ಕಾಳು, ತುದಿಗೊಂದು ಕಪ್ಪು ಮಚ್ಚೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನದ ಎದುರು ಕೂರುತ್ತಿದ್ದ ಬೀಜ. ಅದರೊಳಗಿನ ಅಬ್ರಿನ್ ಎಂಬ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲೇ ಪ್ರಾಣ ತೆಗೆಯುತ್ತದೆ. ಹರಳು ಬೀಜದಲ್ಲಿರುವ ರಿಸಿನ್ ಅದರ ದಾಯಾದಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಪೌಲ್ ಎರ್ಲಿಖ್, ನಮ್ಮ ಬೇಲಿಸಾಲಿನಲ್ಲಿ ಬೆಳೆಯುವ ಈ ಎರಡು ಗಿಡಗಳ ವಿಷವನ್ನೇ ಹಿಡಿದು ಒಂದು ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಿದ. ಹೆತ್ತವರು ಬದುಕಿನಲ್ಲಿ ಗಳಿಸಿದ ರೋಗನಿರೋಧಕತೆ ಮಕ್ಕಳಿಗೆ ಬರುತ್ತದೆಯೇ? ಬಂದರೆ ಯಾವ ದಾರಿಯಲ್ಲಿ?

ಇಲಿಗಳಿಗೆ ಆಹಾರದಲ್ಲಿ ಚೂರುಚೂರೇ ವಿಷ ಬೆರೆಸಿ ತಿನ್ನಿಸಿ, ಪ್ರಮಾಣ ಏರಿಸುತ್ತ ಹೋಗಿ, ಬೇರೆ ಇಲಿಗಳು ಸಾಯುವಷ್ಟು ವಿಷವನ್ನೂ ಅವು ತಾಳಿಕೊಳ್ಳುವಂತೆ ಮಾಡಿದ. ಆಮೇಲೆ ಜೋಡಿ ಕಟ್ಟಿದ. ವಿಷ ತಾಳಬಲ್ಲ ಗಂಡು, ಸಾಮಾನ್ಯ ಹೆಣ್ಣು: ಹುಟ್ಟಿದ ಮರಿಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ. ವಿಷ ತಾಳಬಲ್ಲ ಹೆಣ್ಣು, ಸಾಮಾನ್ಯ ಗಂಡು: ಮರಿಗಳಿಗೆ ರಕ್ಷಣೆ ಇತ್ತು, ಆದರೆ ಸ್ವಲ್ಪ ಕಾಲ ಮಾತ್ರ, ಮೊಮ್ಮರಿಗಳ ಹೊತ್ತಿಗೆ ಏನೂ ಉಳಿದಿರಲಿಲ್ಲ. ಮುಂದೆ ಮಾಡಿದ್ದು ಇನ್ನೂ ಜಾಣತನದ್ದು. ಬಾಣಂತಿ ಇಲಿಗಳ ಮರಿಗಳನ್ನು ಅದಲುಬದಲು ಮಾಡಿ ಹಾಲು ಕುಡಿಸಿದ. ರಕ್ಷಣೆಯಿಲ್ಲದ ತಾಯಿಗೆ ಹುಟ್ಟಿದ ಮರಿಗಳು ರಕ್ಷಣೆಯಿದ್ದ ತಾಯಿಯ ಹಾಲು ಕುಡಿದು ವಿಷವನ್ನು ತಾಳುವಂತಾದವು. 1892ರಲ್ಲಿ ಅವನು ಪ್ರಕಟಿಸಿದ ಫಲಿತಾಂಶದಿಂದ ಒಂದು ವಿಷಯ ನಿಚ್ಚಳವಾಯಿತು. ಇದು ರಕ್ತಸಂಬಂಧದ ಆಸ್ತಿಯಲ್ಲ, ಅಪ್ಪನಿಂದ ಬರುವಂಥದ್ದಲ್ಲ. ತಾಯಿಯ ಮೈಯಲ್ಲಿ ಆಗಲೇ ಸಿದ್ಧವಾಗಿದ್ದ ವಸ್ತುವೊಂದು ಬಸಿರಿನಲ್ಲೂ ಮೊಲೆಹಾಲಿನಲ್ಲೂ ದಾಟಿ ಬಂದು, ಒಂದಷ್ಟು ದಿನ ಮರಿಯನ್ನು ಕಾದು, ಕರಗಿ ಹೋಗುತ್ತದೆ. ಆ ವಸ್ತುವನ್ನು ಇವತ್ತು ಪ್ರತಿಕಾಯ ಎನ್ನುತ್ತೇವೆ.

ಇಷ್ಟು ತಿಳಿದು 130 ವರ್ಷ ದಾಟಿದರೂ ನಮ್ಮ ಮನೆಗಳಲ್ಲಿ ಬಸಿರು ಬಾಣಂತನದ ಮಾತು ಬಂದಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಬಸುರಿ ಚೆನ್ನಾಗಿ ಉಂಡರೆ ಮಗುವಿಗೆ ಶಕ್ತಿ, ಆ ಶಕ್ತಿಯಿದ್ದರೆ ರೋಗ ಹತ್ತಿರ ಸುಳಿಯದು ಎಂಬಲ್ಲಿಗೆ ನಮ್ಮ ತಿಳಿವಳಿಕೆ ನಿಲ್ಲುತ್ತದೆ. ಊಟ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿಕಾಯ ಎನ್ನುವುದು ಒಟ್ಟಾರೆ ಶಕ್ತಿಯಲ್ಲ. ದಡಾರದ ಪ್ರತಿಕಾಯ ದಡಾರವನ್ನಷ್ಟೇ ತಡೆಯುತ್ತದೆ, ಧನುರ್ವಾಯುವಿನದು ಧನುರ್ವಾಯುವನ್ನಷ್ಟೇ. ತಾಯಿಯ ದೇಹ ಯಾವ ರೋಗಾಣುವನ್ನು, ಇಲ್ಲವೇ ಅದರ ಲಸಿಕೆಯನ್ನು, ಎದುರಿಸಿ ಗುರುತಿಟ್ಟುಕೊಂಡಿದೆಯೋ ಅದರ ಪ್ರತಿಕಾಯವನ್ನು ಮಾತ್ರ ಮಗುವಿಗೆ ಕೊಡಬಲ್ಲದು. ಹಾಲು ತುಪ್ಪದಲ್ಲಿ ತೇಲಿದ ತಾಯಿಯೂ ತನ್ನ ಬಳಿ ಇಲ್ಲದ್ದನ್ನು ಕೊಡಲಾರಳು. ಆದ್ದರಿಂದ ಬಸುರಿಗೆ ಕೊಡುವ ಚುಚ್ಚುಮದ್ದನ್ನು ಆಕೆಯ ಚಿಕಿತ್ಸೆ ಎಂದು ಎಣಿಸುವುದೇ ತಪ್ಪು ಎಂಬುದು ನನ್ನ ವಾದ. ಅದು ಮಗುವಿನ ಮೊದಲ ಲಸಿಕೆ. ಅದನ್ನು ತಪ್ಪಿಸುವವರು ಮಗುವಿನ ಲಸಿಕೆಯನ್ನು ತಪ್ಪಿಸುತ್ತಿದ್ದಾರೆ.

ಈ ದಾಟಿಸುವಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಇದು ಉತ್ಪ್ರೇಕ್ಷೆಯಲ್ಲ ಎಂದು ಅರ್ಥವಾಗುತ್ತದೆ. ತಾಯಿಯ ರಕ್ತವೂ ಮಗುವಿನ ರಕ್ತವೂ ಸಾಮಾನ್ಯವಾಗಿ ಬೆರೆಯುವುದಿಲ್ಲ. ನಡುವೆ ಮಾಸು ಇದೆ. ಅದರ ಹೊರಪದರದಲ್ಲಿ ಅಸಂಖ್ಯ ಜೀವಕೋಶಗಳು ಒಂದರೊಳಗೊಂದು ಕೂಡಿಕೊಂಡು ಸಂದುಗೊಂದು ಇಲ್ಲದ ಒಂದೇ ಹಾಳೆಯಾಗಿವೆ. ಆಮ್ಲಜನಕದಂಥ ಪುಟ್ಟ ಅಣುಗಳು ಇದನ್ನು ಸಲೀಸಾಗಿ ದಾಟುತ್ತವೆ. ಪ್ರತಿಕಾಯಗಳು ಹಾಗಲ್ಲ, ಅವು ಭಾರಿ ಗಾತ್ರದ ಪ್ರೋಟೀನುಗಳು, ತಾವಾಗಿಯೇ ನುಸುಳಲಾರವು. ಆದರೂ ಐಜಿಜಿ ಎಂಬ ಜಾತಿಯ ಪ್ರತಿಕಾಯ ಧಾರಾಳವಾಗಿ ದಾಟುತ್ತದೆ. ಐಜಿಎಂ, ಐಜಿಎ ಜಾತಿಗಳು ತಾಯಿಯ ಕಡೆಯೇ ಉಳಿಯುತ್ತವೆ. ಈ ಆಯ್ಕೆ ಯಾರದು?

ವೇಲ್ಸ್‌ನ ಬ್ಯಾಂಗರ್‌ನಲ್ಲಿ ಮೊಲಗಳ ಬಸಿರನ್ನು ವರ್ಷಾನುಗಟ್ಟಲೆ ಅಭ್ಯಸಿಸಿದ ಪ್ರಾಣಿವಿಜ್ಞಾನಿ ಎಫ್.ಡಬ್ಲ್ಯು. ರೋಜರ್ಸ್ ಬ್ರಾಂಬೆಲ್ ಇದಕ್ಕೆ 1958ರಲ್ಲಿ ಒಂದು ಊಹೆ ಮುಂದಿಟ್ಟ. ಐಜಿಜಿಯನ್ನು ಗುರುತಿಸಿ ಹಿಡಿಯುವ ಗ್ರಾಹಿಯೊಂದು ಜೀವಕೋಶದಲ್ಲಿ ಇರಲೇಬೇಕು. ಅದು ಹಿಡಿದದ್ದು ದಾಟುತ್ತದೆ, ಹಿಡಿಯದೆ ಬಿಟ್ಟದ್ದು ಕೋಶದೊಳಗೇ ಜೀರ್ಣವಾಗುತ್ತದೆ ಎಂದ. ಆಗ ಆ ಗ್ರಾಹಿಯನ್ನು ಕಂಡವರು ಯಾರೂ ಇರಲಿಲ್ಲ. ಅದರ ಜೀನು ಕೈಗೆ ಸಿಕ್ಕಿದ್ದು 1989ರಲ್ಲಿ, ಇಲಿಯ ಕರುಳಿನಿಂದ. ಊಹೆ ಹೆಚ್ಚುಕಡಿಮೆ ಅಕ್ಷರಶಃ ನಿಜವಾಗಿತ್ತು.

ಈಗ ನಮಗೆ ತಿಳಿದಿರುವುದು ಹೀಗೆ. ಮಾಸಿನ ಹೊರಪದರ ತಾಯಿಯ ರಕ್ತದ ದ್ರವವನ್ನು ಸಣ್ಣ ಗುಟುಕುಗಳಾಗಿ ಒಳಗೆಳೆದುಕೊಳ್ಳುತ್ತದೆ. ಒಳಗೆ ಬಂದ ಗುಳ್ಳೆ ನಿಧಾನವಾಗಿ ಆಮ್ಲೀಯವಾಗುತ್ತದೆ, ಪಿಎಚ್ 6ರ ಆಸುಪಾಸಿಗೆ ಇಳಿಯುತ್ತದೆ. ಆ ಹುಳಿಯಲ್ಲಿ ಮಾತ್ರ ಗ್ರಾಹಿ ಐಜಿಜಿಯ ಬಾಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಗುಳ್ಳೆ ಹಾಳೆಯ ಆಚೆ ಬದಿಗೆ ಸಾಗಿ ಮಗುವಿನ ಕಡೆಗೆ ತೆರೆದುಕೊಂಡಾಗ ಅಲ್ಲಿನ ಪಿಎಚ್ 7.4; ಹಿಡಿತ ಸಡಿಲುತ್ತದೆ, ಐಜಿಜಿ ಕಳಚಿಕೊಳ್ಳುತ್ತದೆ. ಆಚೆ ದಡಕ್ಕೆ ಜನರನ್ನು ಇಳಿಸಿ ಬರಿದಾಗಿ ಮರಳುವ ತುಂಗಭದ್ರೆಯ ಹರಿಗೋಲಿನಂತೆ ಗ್ರಾಹಿ ಮತ್ತೆ ತಾಯಿಯ ಬದಿಗೆ ಬರುತ್ತದೆ. ಹುಳಿಯಲ್ಲಿ ಹಿಡಿ, ಹುಳಿ ಕಳೆದಾಗ ಬಿಡು: ಇಷ್ಟೇ ನಿಯಮ. ದೊಡ್ಡವರಾದ ನಮ್ಮ ರಕ್ತದಲ್ಲೂ ಇದೇ ಗ್ರಾಹಿ ಐಜಿಜಿಯನ್ನು ಜೀರ್ಣವಾಗದಂತೆ ಉಳಿಸಿಕೊಳ್ಳುತ್ತದೆ. ಹಾಗಾಗಿಯೇ ಅದರ ಅರ್ಧಾಯುಷ್ಯ ಸುಮಾರು ಮೂರು ವಾರ.

ದಾಟುವ ಕಾಲವನ್ನೂ ಗಮನಿಸಬೇಕು. ಸುಮಾರು 13ನೇ ವಾರಕ್ಕೆ ಐಜಿಜಿ ಮಗುವಿನತ್ತ ಹೊರಡುತ್ತದೆ. 17ರಿಂದ 22ನೇ ವಾರದ ಹೊತ್ತಿಗೂ ಮಗುವಿನಲ್ಲಿರುವುದು ತಾಯಿಯ ಮಟ್ಟದ ಶೇ 5ರಿಂದ 10 ಮಾತ್ರ. 28ರಿಂದ 32ನೇ ವಾರದಲ್ಲಿ ಅರ್ಧದಷ್ಟಾಗುತ್ತದೆ. ಕೊನೆಯ ವಾರಗಳಲ್ಲಿ ರಭಸ ಏರಿ, ದಿನ ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ತಾಯಿಗಿಂತಲೂ ಹೆಚ್ಚು ಐಜಿಜಿ ಇರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ನಾವು ಅಳೆಯುವುದು ತೂಕದಲ್ಲಿ. ಒಂದು ಕಿಲೋ, ಒಂದೂವರೆ ಕಿಲೋ ಎನ್ನುತ್ತೇವೆ. ಅದು ಕಳೆದುಕೊಂಡದ್ದರಲ್ಲಿ ಕಣ್ಣಿಗೆ ಕಾಣದ ಈ ಪಾಲೂ ಇದೆ. ತೂಕವನ್ನು ಹಾಲಿನಿಂದ ತುಂಬಿಸಬಹುದು. ಮಾಸಿನ ಮೂಲಕ ಬರಬೇಕಿದ್ದ ಐಜಿಜಿ ಮಗು ಹೊರಬಂದ ಮೇಲೆ ಆ ದಾರಿಯಲ್ಲಿ ಬರುವುದಿಲ್ಲ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುನ್ನ ಹುಟ್ಟಿದವು. ಜಗತ್ತಿನ ಯಾವ ದೇಶದಲ್ಲೂ ಇಷ್ಟಿಲ್ಲ. ಅಂಥ ಮಕ್ಕಳ ಸೋಂಕಿನ ಮಾತಾಡುವಾಗ ಆಸ್ಪತ್ರೆಯ ಸ್ವಚ್ಛತೆಯೊಂದನ್ನೇ ದೂರಿದರೆ ಚಿತ್ರ ಪೂರ್ತಿಯಾಗುವುದಿಲ್ಲ.

ಎಲ್ಲ ಸಸ್ತನಿಗಳೂ ನಮ್ಮ ದಾರಿ ಹಿಡಿದಿಲ್ಲ. ಮನುಷ್ಯ, ಕೋತಿ, ಮೊಲಗಳಲ್ಲಿ ಈ ಕೆಲಸ ಹೆಚ್ಚಾಗಿ ಹುಟ್ಟುವ ಮುಂಚೆಯೇ ಮುಗಿಯುತ್ತದೆ. ಇಲಿಗಳಲ್ಲಿ ಸ್ವಲ್ಪ ಬಸಿರಲ್ಲಿ, ಹೆಚ್ಚಿನದು ಹಾಲಿನಲ್ಲಿ. ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆಗಳ ಮಾಸಿನಲ್ಲಿ ಪದರಗಳು ಹೆಚ್ಚು, ಪ್ರತಿಕಾಯಕ್ಕೆ ದಾರಿಯೇ ಇಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ತಾಯಿಯ ಪ್ರತಿಕಾಯ ಇಲ್ಲವೆಂದೇ ಹೇಳಬೇಕು. ಅದರ ಪಾಲೆಲ್ಲ ಇರುವುದು ಗಿಣ್ಣು ಹಾಲಿನಲ್ಲಿ. ಹುಟ್ಟಿದ ಕರುವಿನ ಕರುಳು ಸುಮಾರು ಒಂದು ದಿನದವರೆಗೆ ಮಾತ್ರ ಈ ದೊಡ್ಡ ಪ್ರೋಟೀನುಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಗಂಟೆ ಕಳೆದಂತೆ ಬಾಗಿಲು ಕಿರಿದಾಗುತ್ತ ಹೋಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕೊಡಗಟ್ಟಲೆ ಗಿಣ್ಣು ಕುಡಿಸಿದರೂ ಅದು ಆಹಾರವಾಗುತ್ತದೆಯೇ ಹೊರತು ರಕ್ತಕ್ಕೆ ರಕ್ಷಣೆಯಾಗುವುದಿಲ್ಲ. ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ 1922ರಲ್ಲೇ ಅಮೆರಿಕದಲ್ಲಿ ಇದನ್ನು ತೋರಿಸಿದ್ದರು: ಗಿಣ್ಣು ಸಿಗದ ಕರುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸೋಂಕಿನಿಂದ ಸತ್ತವು.

ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ನಮ್ಮಲ್ಲಿ ಹಬ್ಬದ ಸವಿ. ಅಕ್ಕಪಕ್ಕದ ಮನೆಗಳಿಗೂ ಹಂಚುವ ಪದ್ಧತಿ. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಚೆನ್ನಾಗಿ ಕರೆಯುವ ಹಸುವಿನಲ್ಲಿ ಕರುವಿಗೆ ಮಿಕ್ಕುವಷ್ಟು ಇರುತ್ತದೆ. ಆದರೆ ಮೊದಲ ಕೆಲವು ಗಂಟೆಗಳ ಹಾಲು ಕರುವಿನದು, ಅದರ ಮೈತೂಕದ ಹತ್ತನೇ ಒಂದು ಪಾಲಿನಷ್ಟು ಅದರ ಹೊಟ್ಟೆಗೆ ಹೋಗಲೇಬೇಕು. ಹಸುವಿನ ಕಸ (ಮಾಸು) ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಅನೇಕ ಕಡೆ ಇನ್ನೂ ಇದೆ. ಕಸ ಬೀಳಲು ಎಂಟು ಹತ್ತು ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಕರುಳಿನ ಬಾಗಿಲು ಅರ್ಧ ಮುಚ್ಚಿರುತ್ತದೆ. ಕರು ನಾಲ್ಕನೇ ದಿನ ಭೇದಿಯಾಗಿ ಬಿದ್ದರೆ ಯಾರದೋ ಕಣ್ಣು ಬಿತ್ತು ಎನ್ನುತ್ತೇವೆ.

ಮನುಷ್ಯರ ಮೊದಲ ಹಾಲಿನ ಕತೆ ಬೇರೆ, ಆದರೆ ನಿರ್ಲಕ್ಷ್ಯ ಒಂದೇ. ನಮ್ಮ ಮಗುವಿನ ಕರುಳು ಕರುವಿನಂತೆ ಪ್ರತಿಕಾಯವನ್ನು ರಕ್ತಕ್ಕೆ ಎಳೆದುಕೊಳ್ಳುವುದಿಲ್ಲ. ಅದರ ಅಗತ್ಯವೂ ಇಲ್ಲ, ಐಜಿಜಿ ಬಸಿರಿನಲ್ಲೇ ಬಂದಾಗಿದೆ. ಮೊದಲ ದಿನಗಳ ಹಳದಿ ಹಾಲಿನಲ್ಲಿ ದಟ್ಟವಾಗಿರುವುದು ಐಜಿಎ. ಅದು ಕರುಳಿನ ಒಳಗೋಡೆಗೆ ಮೆತ್ತಿಕೊಂಡು ಅಲ್ಲೇ ಕಾವಲು ಕಾಯುತ್ತದೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ ಜೇನು ನೆಕ್ಕಿಸುವ ಮನೆಗಳು ಕಡಿಮೆಯಾಗಿವೆ, ಇಲ್ಲವಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಗುತ್ತಿದ್ದುದು ದೇಶದ ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಹೆರಿಗೆಗಳಲ್ಲಿ ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತಿರುವ ಕಾಲದಲ್ಲಿ ಈ ಅಂಕಿಗೆ ಅಜ್ಜಿಯರನ್ನಷ್ಟೇ ಹೊಣೆ ಮಾಡಲಾಗದು.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಧನುರ್ವಾಯು. ಮಣ್ಣಿನಲ್ಲಿ, ಸಗಣಿಯಲ್ಲಿ ಇರುವ ಬ್ಯಾಕ್ಟೀರಿಯಾ, ಹೊಕ್ಕುಳಬಳ್ಳಿ ಕೊಯ್ದ ಗಾಯದಿಂದ ಒಳಸೇರುತ್ತದೆ. ಎರಡು ದಿನ ಚೆನ್ನಾಗಿ ಹಾಲು ಕುಡಿದ ಮಗು ಆಮೇಲೆ ಬಾಯಿ ತೆರೆಯಲಾರದು. ದವಡೆ ಕಚ್ಚಿಕೊಳ್ಳುತ್ತದೆ, ಸಣ್ಣ ಸದ್ದಿಗೂ ಮೈ ಬಿಲ್ಲಿನಂತೆ ಸೆಟೆಯುತ್ತದೆ, ಮಗುವಿಗೆ ಎಚ್ಚರ ಮಾತ್ರ ಪೂರ್ತಿ ಇರುತ್ತದೆ. ಈ ರೋಗದ ವಿಷ ಎಷ್ಟು ತೀಕ್ಷ್ಣವೆಂದರೆ, ಕೊಲ್ಲಲು ಸಾಕಾಗುವ ಪ್ರಮಾಣ ದೇಹಕ್ಕೆ ಪಾಠ ಕಲಿಸಲು ಸಾಲದು. ಹಾಗಾಗಿ ಧನುರ್ವಾಯು ಬಂದು ಬದುಕಿದವರಲ್ಲೂ ಅದರ ವಿರುದ್ಧ ರಕ್ಷಣೆ ಹುಟ್ಟುವುದಿಲ್ಲ. ಇದರ ಅರ್ಥವನ್ನು ಒಂದು ಕ್ಷಣ ಯೋಚಿಸಿ. ಹೊಲದಲ್ಲಿ ದುಡಿದು ಗಟ್ಟಿಮುಟ್ಟಾದ ತಾಯಿಯಾಗಲಿ, ಬಾದಾಮಿ ಕೇಸರಿ ಕುಡಿದ ತಾಯಿಯಾಗಲಿ, ಲಸಿಕೆ ಪಡೆಯದಿದ್ದರೆ ಧನುರ್ವಾಯುವಿನ ವಿರುದ್ಧ ಮಗುವನ್ನು ಕಾಯಬಲ್ಲ ಪ್ರತಿಕಾಯ ಆಕೆಯ ಮೈಯಲ್ಲಿ ಇರುವುದಿಲ್ಲ. ಪ್ರಕೃತಿ ಕೊಡದ ಈ ರಕ್ಷಣೆಯನ್ನು ಪ್ರಕೃತಿಯೇ ಮಾಡಿದ ದಾರಿಯಲ್ಲಿ ಕಳಿಸಲು ಮನುಷ್ಯ ಕಲಿತ. ಎಫ್.ಡಿ. ಸ್ಕೋಫೀಲ್ಡ್ ಮತ್ತು ಸಂಗಡಿಗರು ನ್ಯೂಗಿನಿಯ ಹಳ್ಳಿಗಳಲ್ಲಿ ಬಸುರಿಯರಿಗೆ ಧನುರ್ವಾಯು ಲಸಿಕೆ ಕೊಟ್ಟು ಅದರ ಫಲಿತಾಂಶವನ್ನು 1961ರಲ್ಲಿ ಪ್ರಕಟಿಸಿದರು. ಮೂರು ಚುಚ್ಚುಮದ್ದು ಪೂರೈಸಿದ ತಾಯಂದಿರ ಮಕ್ಕಳಲ್ಲಿ ರೋಗ ಬಹುಮಟ್ಟಿಗೆ ನಿಂತಿತ್ತು. ಹೆರಿಗೆಯ ರೀತಿ ಬದಲಾಗಿರಲಿಲ್ಲ, ತಾಯಿಯ ರಕ್ತ ಬದಲಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ರಲ್ಲಿ ಭಾರತದ ಸುಮಾರು 1,60,000 ಎಳೆಮಕ್ಕಳು ಧನುರ್ವಾಯುವಿನಿಂದ ಸತ್ತವು. 2015ರಲ್ಲಿ ಅದೇ ಸಂಸ್ಥೆ, ದೇಶದ ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಇರುವುದನ್ನು ಪರಿಶೀಲಿಸಿ, ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿರ್ಮೂಲವಾಗಿದೆ ಎಂದು ಘೋಷಿಸಿತು. ಆಸ್ಪತ್ರೆ ಹೆರಿಗೆ, ಶುದ್ಧ ಬ್ಲೇಡು, ಸೂಲಗಿತ್ತಿಯರ ತರಬೇತಿ, ಮನೆಮನೆ ಅಲೆದ ಎಎನ್‌ಎಂ ಮತ್ತು ಆಶಾ ಕಾರ್ಯಕರ್ತೆಯರು, ಎಲ್ಲರ ಪಾಲೂ ಇದರಲ್ಲಿದೆ. ಆದರೆ ರೋಗಾಣು ಎಲ್ಲೂ ಹೋಗಿಲ್ಲ, ಮಣ್ಣಿನಲ್ಲಿ ಹಾಗೇ ಇದೆ. ಪ್ರತಿ ತಲೆಮಾರಿನ ಬಸುರಿಯರೂ ಮಕ್ಕಳಿಗೆ ಈ ಪ್ರತಿಕಾಯವನ್ನು ಹೊಸದಾಗಿ ಕೊಡುತ್ತಲೇ ಇದ್ದರೆ ಮಾತ್ರ ಈ ಗೆಲುವು ಉಳಿಯುತ್ತದೆ.

ತಾಯಿಯ ಪ್ರತಿಕಾಯ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಎಂದು ನಾನು ವಾದಿಸಿದರೆ ಅದು ಅಪ್ರಾಮಾಣಿಕತೆ. ಗ್ರಾಹಿಗೆ ಐಜಿಜಿಯ ಬಾಲ ಮಾತ್ರ ಗೊತ್ತು, ಆ ಐಜಿಜಿ ಯಾರ ಮೇಲೆ ಎರಗಲಿದೆ ಎಂಬುದು ಗೊತ್ತಿಲ್ಲ. ಆರ್‌ಎಚ್ ನೆಗೆಟಿವ್ ತಾಯಿಯಲ್ಲಿ ಹಿಂದಿನ ಹೆರಿಗೆಯ ವೇಳೆ ಮಗುವಿನ ರಕ್ತ ಬೆರೆತು ಅದರ ವಿರುದ್ಧ ಪ್ರತಿಕಾಯ ಹುಟ್ಟಿದ್ದರೆ, ಮುಂದಿನ ಬಸಿರಿನಲ್ಲಿ ಅದೇ ಪ್ರತಿಕಾಯ ದಾಟಿ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಡೆಂಗಿಯದು ಇನ್ನೂ ಸೂಕ್ಷ್ಮ. ತಾಯಿಗೆ ಹಿಂದೆ ಡೆಂಗಿ ಬಂದಿದ್ದರೆ ಮಗುವಿಗೆ ಮೊದಲ ತಿಂಗಳುಗಳಲ್ಲಿ ರಕ್ಷಣೆ. ಆರೇಳು ತಿಂಗಳಿಗೆ ಆ ಪ್ರತಿಕಾಯ ತೆಳುವಾದಾಗ ಅದು ವೈರಸ್ಸನ್ನು ತಡೆಯಲಾರದೆ, ಬದಲಿಗೆ ಜೀವಕೋಶಗಳೊಳಗೆ ಹೊಗಲು ಅದಕ್ಕೇ ನೆರವಾಗಬಹುದು. ಆಗ ತಗಲುವ ಮೊದಲ ಡೆಂಗಿಯೇ ತೀವ್ರವಾಗಬಹುದು. ದಡಾರದ ಲಸಿಕೆಯನ್ನು ಹುಟ್ಟಿದ ಕೂಡಲೇ ಕೊಡದೆ 9 ತಿಂಗಳವರೆಗೆ ಕಾಯುವುದಕ್ಕೂ ತಾಯಿಯ ಪ್ರತಿಕಾಯವೇ ಮುಖ್ಯ ಕಾರಣ. ಅದು ಲಸಿಕೆಯ ವೈರಸ್ಸನ್ನೂ ಬಿಡದೆ ನಿಷ್ಕ್ರಿಯಗೊಳಿಸುತ್ತದೆ.

ಆದರೆ ಇವೆಲ್ಲ ತಾಯಿಗೆ ಲಸಿಕೆ ಬೇಡ ಎಂಬುದಕ್ಕೆ ಕಾರಣಗಳಲ್ಲ. ಆರ್‌ಎಚ್ ತೊಂದರೆಯನ್ನು ತಡೆಯುವ ಆ್ಯಂಟಿ-ಡಿ ಚುಚ್ಚುಮದ್ದು ಕೂಡ ಪ್ರತಿಕಾಯವೇ. ಏನು ದಾಟುತ್ತದೆ, ಯಾವಾಗ ದಾಟುತ್ತದೆ ಎಂದು ತಿಳಿದು ನಡೆಯಬೇಕು ಎಂಬುದಷ್ಟೇ ಇವುಗಳಿಂದ ಸಿಗುವ ಪಾಠ. ದಡಾರ–ರುಬೆಲ್ಲಾದಂಥ ಜೀವಂತ ವೈರಸ್ಸಿನ ಲಸಿಕೆಗಳನ್ನು ಬಸಿರಿನಲ್ಲಿ ಕೊಡುವುದಿಲ್ಲ. ಅವು ಹೆಣ್ಣುಮಗುವಿಗೆ ಬಾಲ್ಯದಲ್ಲೇ ಆಗಿರಬೇಕು. ಇಪ್ಪತ್ತು ವರ್ಷ ಆಚೆಗೆ ಹುಟ್ಟಲಿರುವ ಮಗುವಿನ ರಕ್ಷಣೆ ಇವತ್ತು ಅಂಗನವಾಡಿಗೆ ಬರುವ ಹುಡುಗಿಯ ತೋಳಿನಲ್ಲಿ ತೀರ್ಮಾನವಾಗುತ್ತಿದೆ.

ಬಸುರಿಗೆ ಚುಚ್ಚುಮದ್ದು ಎಂದರೆ ಭಯ ಸಹಜ. ಒಡಲಲ್ಲಿ ಇನ್ನೊಂದು ಜೀವ ಇರುವಾಗ ಎಚ್ಚರ ಇರಬೇಕಾದದ್ದೇ. ಆದರೆ ಏನೂ ಮಾಡದಿರುವುದೇ ಕ್ಷೇಮ ಎಂದು ಎಣಿಸುವುದು ಎಚ್ಚರವಲ್ಲ. 2021ರ ಜನವರಿ 16ರಂದು ಕೋವಿಡ್ ಲಸಿಕೆ ಆರಂಭವಾದಾಗ ಬಸುರಿಯರನ್ನು ಹೊರಗಿಡಲಾಯಿತು. ಅವರಿಗೆ ಅನುಮತಿ ಸಿಕ್ಕಿದ್ದು ಜುಲೈ 2ಕ್ಕೆ. ನಡುವೆ ಎರಡನೇ ಅಲೆ ಬಂದು ಹೋಗಿತ್ತು. ಆ ಅಲೆಯಲ್ಲಿ ತಾಯಂದಿರನ್ನು ಕಳೆದುಕೊಂಡ ಮನೆಗಳ ಮುಂದೆ ಕಾದು ನೋಡುವ ನೀತಿಯನ್ನು ಸಮರ್ಥಿಸುವುದು ಕಷ್ಟ.

ಈಗ ನಮ್ಮ ಮುಂದಿರುವ ಪ್ರಶ್ನೆ ನಾಯಿಕೆಮ್ಮು. ಧನುರ್ವಾಯುವಿಗಾದರೆ ಶುದ್ಧ ಬ್ಲೇಡಿನ ನೆರವಿತ್ತು. ನಾಯಿಕೆಮ್ಮು ಗಾಳಿಯಲ್ಲಿ ಬರುತ್ತದೆ, ಮುದ್ದಾಡಲು ಬಂದ ಅಣ್ಣನಿಂದ, ಅತ್ತೆಯಿಂದ ಬರುತ್ತದೆ. ಮಗುವಿಗೆ ಇದರ ವಿರುದ್ಧದ ಲಸಿಕೆ ಶುರುವಾಗುವುದೇ ಆರನೇ ವಾರಕ್ಕೆ, ಗಟ್ಟಿಯಾಗುವುದು ಇನ್ನೂ ತಡವಾಗಿ. ರೋಗ ಅತಿ ಹೆಚ್ಚು ಕೊಲ್ಲುವುದು ಎರಡು ಮೂರು ತಿಂಗಳೊಳಗಿನ ಮಕ್ಕಳನ್ನು. ಈ ಖಾಲಿ ವಾರಗಳನ್ನು ತುಂಬಬಲ್ಲುದು ತಾಯಿಯ ಪ್ರತಿಕಾಯ ಮಾತ್ರ. 2012ರಲ್ಲಿ ನಾಯಿಕೆಮ್ಮು ಹಬ್ಬಿ ಎಳೆಗೂಸುಗಳು ಸಾಯತೊಡಗಿದಾಗ ಬ್ರಿಟನ್ ಅದೇ ಅಕ್ಟೋಬರಿನಲ್ಲಿ ಬಸುರಿಯರಿಗೆ ಲಸಿಕೆ ಆರಂಭಿಸಿತು. ಮೊದಲ ತಿಂಗಳುಗಳಲ್ಲಿ ಮಕ್ಕಳಿಗೆ ಸಿಕ್ಕ ರಕ್ಷಣೆ ಶೇ 90ರ ಆಸುಪಾಸಿನಲ್ಲಿತ್ತು. 2023ರಲ್ಲಿ ಅಮೆರಿಕ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎಳೆಮಕ್ಕಳ ಶ್ವಾಸಕೋಶಕ್ಕೆ ಬಡಿಯುವ ಆರ್‌ಎಸ್‌ವಿ ವೈರಸ್ಸಿನ ಲಸಿಕೆಯನ್ನು ಬಸಿರಿನ 32ರಿಂದ 36ನೇ ವಾರದೊಳಗೆ ತಾಯಿಗೆ ಕೊಡಲು ಒಪ್ಪಿತು. ಇಲ್ಲಿ ಲಸಿಕೆಯ ಉದ್ದೇಶವೇ ಮಗು.

ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಬಸುರಿಗೆ ಉಚಿತವಾಗಿ ಸಿಗುವ ಟಿಡಿ ಚುಚ್ಚುಮದ್ದಿನಲ್ಲಿ ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆ ಇದೆ, ನಾಯಿಕೆಮ್ಮಿನದು ಇಲ್ಲ. ನಾಯಿಕೆಮ್ಮನ್ನೂ ಒಳಗೊಂಡ ಟಿಡ್ಯಾಪ್ ಖಾಸಗಿ ಆಸ್ಪತ್ರೆಗಳಲ್ಲಿ ದುಡ್ಡು ಕೊಟ್ಟವರಿಗೆ ಸಿಗುತ್ತದೆ. ಒಂದೇ ಊರಿನಲ್ಲಿ ಒಂದೇ ವಾರ ಹುಟ್ಟಿದ ಎರಡು ಮಕ್ಕಳಲ್ಲಿ ಒಂದಕ್ಕೆ ಈ ಪ್ರತಿಕಾಯ ಇದ್ದು ಇನ್ನೊಂದಕ್ಕೆ ಇಲ್ಲದಿರುವುದಕ್ಕೆ ಅಪ್ಪನ ಜೇಬು ಕಾರಣವಾಗಬಾರದು. ವೆಚ್ಚದ ಪ್ರಶ್ನೆ ನಿಜವಾದದ್ದೇ. ಆದರೆ ಲಸಿಕೆ ತಯಾರಿಕೆಯಲ್ಲಿ ಜಗತ್ತಿಗೇ ದೊಡ್ಡ ಪೂರೈಕೆದಾರನಾದ ದೇಶಕ್ಕೆ ಇದು ಬಗೆಹರಿಸಲಾಗದ ತೊಡಕಲ್ಲ. ಟಿಡ್ಯಾಪ್ ಅನ್ನು ಬಸುರಿಯರ ಉಚಿತ ಲಸಿಕೆಗಳ ಪಟ್ಟಿಗೆ ಸೇರಿಸಬೇಕು.

ಅದಾಗುವವರೆಗೆ ಓದುಗರ ಕೈಯಲ್ಲಿರುವ ಕೆಲಸವೂ ಇದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಬಸುರಿಯರಿದ್ದರೆ ಅವರ ತಾಯಿ ಕಾರ್ಡ್ ತೆರೆದು ನೋಡಿ. ಬಸಿರು ಖಚಿತವಾದ ಕೂಡಲೇ ಟಿಡಿ ಒಂದು, ನಾಲ್ಕು ವಾರ ಬಿಟ್ಟು ಟಿಡಿ ಎರಡು. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷ ತುಂಬಿಲ್ಲದಿದ್ದರೆ ಒಂದು ಬೂಸ್ಟರ್ ಸಾಕು. ಟಿಡ್ಯಾಪ್ ಕೊಡಿಸುವ ಅನುಕೂಲವಿದ್ದರೆ ಏಳನೇ ತಿಂಗಳು ಹಿಡಿದ ಮೇಲೆ ವೈದ್ಯರನ್ನು ಕೇಳಿ. ಕಾರ್ಡಿನಲ್ಲಿ ಟಿಡಿಯ ಸಾಲು ಖಾಲಿಯಿದ್ದರೆ ನಾಳೆಯೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.